ಸಮಿತಿಯ ಒಪ್ಪಿಗೆ ಎಲ್ಲಿ ತಪ್ಪುತ್ತದೆ: ಮುಖಪುಟ ಮತ್ತು ಪುಟವಿನ್ಯಾಸ ಪರಿಶೀಲನೆಗೆ ಒಂದು ದೋಷ ನಿವಾರಣೆ ಕೈಪಿಡಿ

ಪುಸ್ತಕ, ಸ್ಮರಣ ಸಂಚಿಕೆ, ಆಹ್ವಾನ ಪತ್ರಿಕೆ, ಭಿತ್ತಿಪತ್ರ ಮುಂತಾದವುಗಳ ವಿನ್ಯಾಸವನ್ನು ಐದಾರು ಜನರ ಸಮಿತಿ ನೋಡಿ ಒಪ್ಪಿದ ಮೇಲೆಯೇ ಅಚ್ಚಿಗೆ ಕಳಿಸುವ ಪದ್ಧತಿ ನಮ್ಮ ಸಂಘಸಂಸ್ಥೆಗಳಲ್ಲೂ ಪ್ರಕಾಶನಗಳಲ್ಲೂ ಹಳೆಯದು. ಹಿಂದೆ ಕರಡಚ್ಚಿನ ಹಾಳೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ, ಅಂಚಿನಲ್ಲಿ ಕೆಂಪು ಶಾಯಿಯ ತಿದ್ದುಪಡಿಯನ್ನೂ ಕೆಳಗೆ ಸಹಿಯನ್ನೂ ಹೊತ್ತು ಮುದ್ರಣಾಲಯಕ್ಕೆ ಮರಳುತ್ತಿತ್ತು. ಇಂದು ಅದೇ ಕೆಲಸ ವಾಟ್ಸಾಪ್ ಗುಂಪಿನಲ್ಲಿ, ಇಮೇಲ್‌ನಲ್ಲಿ, ಗೂಗಲ್ ಡ್ರೈವ್‌ನ ಲಿಂಕ್‌ನಲ್ಲಿ ಅಥವಾ ಒಪ್ಪಿಗೆಗೆಂದೇ ಮಾಡಿದ ತಂತ್ರಾಂಶದಲ್ಲಿ ನಡೆಯುತ್ತದೆ. ಹಾಳೆ ಒಂದೇ ಇದ್ದಾಗ ಸಹಿ ಯಾವುದಕ್ಕೆ ಬಿತ್ತು ಎಂಬ ಪ್ರಶ್ನೆ ಏಳುತ್ತಿರಲಿಲ್ಲ. ಇಂದಿನ ತೊಂದರೆಗಳಲ್ಲಿ ಹೆಚ್ಚಿನವು ಆ ಪ್ರಶ್ನೆಗೆ ಉತ್ತರವಿಲ್ಲದಿರುವುದರಿಂದಲೇ ಹುಟ್ಟುತ್ತವೆ. ಇಂಥ ಕೆಲಸದ ಸಂಯೋಜಕರಾಗಿರುವವರಿಗೆ, ಕೆಟ್ಟದ್ದು ಎಲ್ಲಿ ಎಂದು ಹುಡುಕಲು ಈ ಕೈಪಿಡಿ ನೆರವಾಗಲಿ ಎಂದು ಬರೆದಿದ್ದೇನೆ.

ಒಂದೇ ಪ್ರಕರಣವನ್ನು ಹಿಡಿದು ಆರಂಭಿಸುವುದು

ದೋಷ ಕಂಡ ಕೂಡಲೇ ತಂತ್ರಾಂಶವನ್ನು ಬದಲಿಸುವ, ಹೊಸ ಗುಂಪು ಮಾಡುವ ಆತುರ ಬರುವುದು ಸಹಜ. ಆ ಆತುರವನ್ನು ತಡೆದು, ಇತ್ತೀಚೆಗೆ ಕೆಟ್ಟ ಒಂದೇ ಒಂದು ಕೆಲಸವನ್ನು ಎತ್ತಿಕೊಂಡು ಅದರ ದಿನಚರಿಯನ್ನು ಹಾಳೆಯೊಂದರ ಮೇಲೆ ಬರೆಯಬೇಕು: ಯಾವ ಕಡತ ಯಾವ ದಿನ ಎಷ್ಟು ಗಂಟೆಗೆ ಯಾರಿಂದ ಯಾರಿಗೆ ಹೋಯಿತು, ಒಬ್ಬೊಬ್ಬರೂ ಏನು ಉತ್ತರ ಕೊಟ್ಟರು, ಆ ಉತ್ತರ ಎಲ್ಲಿ ದಾಖಲಾಗಿದೆ, ಉತ್ತರ ಬಂದ ಮೇಲೆ ಕಡತಕ್ಕೆ ಮತ್ತೆ ಯಾರು ಕೈ ಹಾಕಿದರು. ಫೋನಿನಲ್ಲಿ ಆಡಿದ ಮಾತುಗಳನ್ನೂ ನೆನಪಿದ್ದಷ್ಟು ಸೇರಿಸಬೇಕು. ಬರವಣಿಗೆಯಲ್ಲಿ ಎಲ್ಲವೂ ಸರಿಯಿದ್ದು ಕೆಲಸ ಕೆಟ್ಟಿದ್ದರೆ ಕಾರಣ ಬಹುಮಟ್ಟಿಗೆ ಆ ಫೋನ್ ಮಾತಿನಲ್ಲಿಯೇ ಇರುತ್ತದೆ.

ಆಮೇಲೆ ಸಮಿತಿಯ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು: "ನೀವು ಒಪ್ಪಿದ್ದು ಯಾವ ಕಡತವನ್ನು? ಅದರಲ್ಲಿ ಏನೇನು ನೋಡಿ ಒಪ್ಪಿದಿರಿ?" ಗುಂಪಿನಲ್ಲಿ ಕೇಳಿದರೆ ಮೊದಲು ಮಾತಾಡಿದವರ ಉತ್ತರವನ್ನೇ ಉಳಿದವರೂ ಅನುಸರಿಸುವುದರಿಂದ ಪ್ರತ್ಯೇಕವಾಗಿ ಕೇಳುವುದು ಮುಖ್ಯ. ಬಂದ ಉತ್ತರಗಳೇ ಮುಂದಿನ ದಾರಿ ತೋರಿಸುತ್ತವೆ. ಮೊದಲ ಪ್ರಶ್ನೆಗೆ ಬೇರೆ ಬೇರೆ ಉತ್ತರ ಬಂದರೆ ದೋಷ ಕರಡಿನ ಗುರುತಿನಲ್ಲಿದೆ. ಕಡತ ಒಂದೇ ಆಗಿದ್ದು, ನೋಡಿದ ಅಂಶಗಳ ಬಗ್ಗೆ ಉತ್ತರ ಬೇರೆಯಾದರೆ ದೋಷ ಕೆಲಸದ ಹಂಚಿಕೆಯಲ್ಲಿದೆ. "ನನಗೆ ಬಂದೇ ಇಲ್ಲ" ಎಂದರೆ ತಲುಪಿಸುವಿಕೆಯಲ್ಲಿದೆ. "ನಾನು ಒಪ್ಪಿಯೇ ಇರಲಿಲ್ಲ" ಎಂದರೆ ಒಪ್ಪಿಗೆಯನ್ನು ಎಣಿಸುವ ನಿಯಮದಲ್ಲಿದೆ.

ಒಪ್ಪಿದ್ದು ಒಂದು, ಅಚ್ಚಾದದ್ದು ಇನ್ನೊಂದು

ಎಲ್ಲ ದೋಷಗಳಲ್ಲಿ ಹೆಚ್ಚು ಹಾನಿ ಮಾಡುವುದು ಇದೇ; ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾನು ಸಂಯೋಜಕನಾಗಿದ್ದ ಒಂದು ಸ್ಮರಣ ಸಂಚಿಕೆಯಲ್ಲಿ ಹೀಗಾಯಿತು. ಸಮಿತಿಯಲ್ಲಿ ಐವರಿದ್ದರು, ಮುಖಪುಟದ ಪಿಡಿಎಫ್ ಡ್ರೈವ್‌ನಲ್ಲಿತ್ತು, ಲಿಂಕ್ ಗುಂಪಿನಲ್ಲಿತ್ತು. ಮೂವರು ಒಪ್ಪಿದ ಮೇಲೆ ಹಿಂಬದಿಯಲ್ಲಿದ್ದ ದಾನಿಯೊಬ್ಬರ ಹೆಸರಿನಲ್ಲಿ ಕಾಗುಣಿತದ ತಪ್ಪು ಕಂಡಿತು. ವಿನ್ಯಾಸಕರು ಊರಿನಲ್ಲಿರಲಿಲ್ಲ. ಅವರ ಸಹಾಯಕರು ಬೇರೆ ಗಣಕಯಂತ್ರದಲ್ಲಿ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನ ಕಡತವನ್ನು ತೆರೆದು, ಪಠ್ಯವನ್ನು ಮತ್ತೆ ಅಂಟಿಸಿ, ಹೆಸರನ್ನು ಸರಿಪಡಿಸಿ, ಹೊಸ ಪಿಡಿಎಫ್ ಅನ್ನು ಅದೇ ಲಿಂಕ್‌ನ ಅಡಿಯಲ್ಲಿ ಏರಿಸಿದರು. ಉಳಿದಿಬ್ಬರು ಆ ಹೆಸರನ್ನು ಮಾತ್ರ ನೋಡಿ "ಸರಿಯಾಗಿದೆ" ಎಂದು ಬರೆದರು. ಐದು ಒಪ್ಪಿಗೆ ಬಂದವು ಎಂದು ನಾನು ಅಚ್ಚಿಗೆ ಕಳಿಸಿದೆ. ಪ್ರತಿಗಳು ಬಂದಾಗ "ಐವತ್ತು ವರ್ಷಗಳ ಹೆಜ್ಜೆ" ಎಂದಿರಬೇಕಾದ ಶೀರ್ಷಿಕೆ "ಐವತ್‌ತು ವರ್‌ಷಗಳ ಹೆಜ್‌ಜೆ" ಎಂದಿತ್ತು.

ತಾಂತ್ರಿಕ ಕಾರಣ ಚಿಕ್ಕದು. ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ಆ ಪ್ಯಾರಾಕ್ಕೆ 'ವರ್ಲ್ಡ್ ರೆಡಿ ಕಂಪೋಸರ್' ಆಯ್ಕೆಯಾಗಿರಬೇಕು. ಮತ್ತೆ ಅಂಟಿಸಿದ ಪಠ್ಯಕ್ಕೆ ಆ ಆಯ್ಕೆ ತಪ್ಪಿಹೋಗಿತ್ತು. ಆದರೆ ಒಪ್ಪಿಗೆಯ ಕ್ರಮದಲ್ಲಿ ಆದ ತಪ್ಪು ಅದಕ್ಕಿಂತ ದೊಡ್ಡದು. ಮೂವರ ಒಪ್ಪಿಗೆ ಹಳೆಯ ಕಡತದ ಮೇಲಿತ್ತು, ಇಬ್ಬರ ಒಪ್ಪಿಗೆ ಹೊಸ ಕಡತದ ಒಂದು ಸಾಲಿನ ಮೇಲಿತ್ತು, ಹೊಸ ಕಡತವನ್ನು ಪೂರ್ತಿಯಾಗಿ ಒಬ್ಬರೂ ನೋಡಿರಲಿಲ್ಲ. ಲಿಂಕ್ ಒಂದೇ ಆಗಿದ್ದುದರಿಂದ ಇವೆಲ್ಲ ಒಂದೇ ಲೆಕ್ಕಕ್ಕೆ ಸೇರಿಕೊಂಡವು.

ಈ ದೋಷವನ್ನು ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಡ್ರೈವ್‌ನಲ್ಲಿ ಆ ಕಡತದ ಹಿಂದಿನ ಆವೃತ್ತಿಗಳ ಪಟ್ಟಿಯನ್ನು ತೆರೆದು, ಪ್ರತಿ ಆವೃತ್ತಿ ಏರಿದ ಸಮಯವನ್ನು ಪ್ರತಿ ಒಪ್ಪಿಗೆ ಬಂದ ಸಮಯದೊಡನೆ ತಾಳೆ ನೋಡಬೇಕು. ಪಿಡಿಎಫ್‌ನಂಥ ಕಡತಗಳ ಹಳೆಯ ಆವೃತ್ತಿಗಳನ್ನು ಡ್ರೈವ್ ಸಾಮಾನ್ಯವಾಗಿ 30 ದಿನಗಳ ಬಳಿಕ ಅಥವಾ 100 ಆವೃತ್ತಿಗಳಾದ ಬಳಿಕ ಅಳಿಸಿಹಾಕುತ್ತದೆ. ಉಳಿಯಬೇಕಾದರೆ 'ಶಾಶ್ವತವಾಗಿ ಇರಿಸು' ಎಂಬ ಆಯ್ಕೆಯನ್ನು ಮೊದಲೇ ಕೊಟ್ಟಿರಬೇಕು. ಆದ್ದರಿಂದ ಈ ತನಿಖೆಯನ್ನು ತಡಮಾಡದೆ ಮಾಡುವುದು ಒಳ್ಳೆಯದು. ಎರಡು ಕಡೆ ಇರುವ ಕಡತಗಳು ನಿಜವಾಗಿಯೂ ಒಂದೇ ಹೌದೋ ಅಲ್ಲವೋ ಎಂಬ ಸಂಶಯವಿದ್ದರೆ ಎರಡರ ಶಾ-256 ಮೊತ್ತವನ್ನು, ಅಂದರೆ ಕಡತದ ಒಳಗಿರುವುದೆಲ್ಲದರಿಂದ ಗಣಕಯಂತ್ರ ಲೆಕ್ಕಹಾಕಿ ಕೊಡುವ ಗುರುತಿನ ಸಾಲನ್ನು, ತೆಗೆದು ನೋಡಬಹುದು. ಆ 64 ಅಂಕಿ-ಅಕ್ಷರಗಳ ಸಾಲು ಎರಡಕ್ಕೂ ಒಂದೇ ಆಗಿದ್ದರೆ ಕಡತವೂ ಒಂದೇ; ಒಂದು ಚುಕ್ಕೆ ಬದಲಾಗಿದ್ದರೂ ಸಾಲು ಪೂರ್ತಿ ಬೇರೆಯಾಗುತ್ತದೆ.

ಪರಿಹಾರವೆಂದರೆ ಒಪ್ಪಿಗೆಗೆ ಕಳಿಸಿದ ಕಡತವನ್ನು ಮತ್ತೆ ಯಾರೂ ಮುಟ್ಟದಂತೆ ಮಾಡುವುದು. ಪ್ರತಿ ಬದಲಾವಣೆಗೂ ಹೊಸ ಕಡತ, ಹೊಸ ಹೆಸರು, ಹೊಸ ಲಿಂಕ್ ಇರಬೇಕು. ಹೆಸರಿನಲ್ಲಿ "ಫೈನಲ್", "ಹೊಸ ಫೈನಲ್", "ಇದೇ ಫೈನಲ್" ಎಂಬ ಪದಗಳ ಬದಲು "ಮುಖಪುಟ, ಕರಡು 4, 12 ಜೂನ್" ಎಂಬಂತೆ ಸಂಖ್ಯೆಯೂ ದಿನಾಂಕವೂ ಇರಲಿ. ಅದೇ ಕರಡು ಸಂಖ್ಯೆಯನ್ನು ಪುಟದ ಕತ್ತರಿಸುವ ಗೆರೆಯಿಂದಾಚೆ, 3 ಮಿ.ಮೀ. ಬ್ಲೀಡ್‌ಗೂ (ಕತ್ತರಿಸಿದಾಗ ಬಿಳಿ ಅಂಚು ಉಳಿಯದಂತೆ ಹೆಚ್ಚಿಗೆ ಅಚ್ಚು ಮಾಡುವ ಭಾಗಕ್ಕೂ) ಹೊರಗೆ ಸಣ್ಣ ಅಕ್ಷರದಲ್ಲಿ ಹಾಕಿಸಬೇಕು; ಕಡತದ ಹೆಸರು ಯಾರ ಫೋನಿನಲ್ಲಿ ಬದಲಾದರೂ ಪುಟದ ಮೇಲಿನ ಸಂಖ್ಯೆ ಬದಲಾಗುವುದಿಲ್ಲ. ಹೊಸ ಕರಡು ಬಂದ ಕ್ಷಣ ಹಳೆಯ ಕರಡಿನ ಒಪ್ಪಿಗೆಗಳೆಲ್ಲ ರದ್ದಾದವು ಎಂದು ಸಮಿತಿ ಮೊದಲೇ ತೀರ್ಮಾನಿಸಿರಬೇಕು. ಒಂದು ಅಕ್ಷರ ತಿದ್ದಿದ್ದಕ್ಕೆ ಎಲ್ಲರೂ ಮತ್ತೆ ನೋಡಬೇಕೇ ಎಂದು ಸದಸ್ಯರು ಕೇಳಿಯೇ ಕೇಳುತ್ತಾರೆ. ನೋಡಬೇಕು ಎಂದೇ ನನ್ನ ಉತ್ತರ. ನಮ್ಮಲ್ಲಿ ಶೀರ್ಷಿಕೆ ಹಾಳಾದದ್ದು ಒಂದು ಅಕ್ಷರ ತಿದ್ದುವಾಗಲೇ.

ಕಡತ ಒಂದೇ, ಕಂಡದ್ದು ಬೇರೆ

ಕರಡು ಸಂಖ್ಯೆ ಎಲ್ಲರದ್ದೂ ಒಂದೇ ಆಗಿದ್ದು, ಒಬ್ಬರಿಗೆ ಕಂಡ ತಪ್ಪು ಇನ್ನೊಬ್ಬರಿಗೆ ಕಾಣದಿದ್ದರೆ ಅವರು ನೋಡಿದ ಬಗೆಯನ್ನು ವಿಚಾರಿಸಬೇಕು. ವಾಟ್ಸಾಪ್‌ನಲ್ಲಿ ಪುಟವನ್ನು ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿಹೋಗುತ್ತದೆ. ಸಣ್ಣ ಅಕ್ಷರದ ಒತ್ತು, ಅರ್ಕಾವತ್ತು, ಅನುಸ್ವಾರದ ಸೊನ್ನೆ ಮಸುಕಾಗಿ, ಇದ್ದದ್ದೂ ಇಲ್ಲದ್ದೂ ಒಂದೇ ರೀತಿ ಕಾಣುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ಹೋಗುತ್ತದೆ. ನುಡಿಯಂಥ ಹಳೆಯ ಸಂಕೇತದ ಅಕ್ಷರಶೈಲಿ ಬಳಸಿದ ಪುಟದಲ್ಲಿ ಅಕ್ಷರಶೈಲಿ ಪಿಡಿಎಫ್‌ನೊಳಗೆ ಸೇರಿಲ್ಲದಿದ್ದರೆ ಒಬ್ಬರಿಗೆ ಕನ್ನಡವೂ ಇನ್ನೊಬ್ಬರಿಗೆ ರೋಮನ್ ಅಕ್ಷರಗಳ ಗೋಜಲೂ ಕಾಣುತ್ತದೆ. ಪಿಡಿಎಫ್‌ನ ಗುಣವಿವರದಲ್ಲಿ ಅಕ್ಷರಶೈಲಿಗಳ ಪಟ್ಟಿಯನ್ನು ನೋಡಿದರೆ ಇದು ತಕ್ಷಣ ತಿಳಿಯುತ್ತದೆ. ಬಣ್ಣದ ವಿಷಯದಲ್ಲಂತೂ ಫೋನಿನ ಪರದೆಯನ್ನು ನಂಬಿ ಯಾರಿಂದಲೂ ಒಪ್ಪಿಗೆ ಪಡೆಯಬಾರದು. ಪರದೆಯ ಬೆಳಕಿನಲ್ಲಿ ಹೊಳೆಯುವ ಹಸಿರು ಮತ್ತು ಕಿತ್ತಳೆ ನಾಲ್ಕು ಶಾಯಿಗಳಲ್ಲಿ ಮೂಡುವಾಗ ಮಂಕಾಗುತ್ತವೆ. ಬಣ್ಣಕ್ಕೆ ಕಾಗದದ ಮೇಲಿನ ಪ್ರೂಫ್ ಒಂದೇ ಸಾಕ್ಷಿ, ಅದನ್ನು ಇಬ್ಬರು ನೋಡಿದರೆ ಸಾಕು.

ಒಪ್ಪಿಗೆ ಬರುವುದೇ ಇಲ್ಲ

ಕೆಲಸ ಒಂದೆಡೆ ನಿಂತುಹೋದಾಗ ಮೊದಲು ನೋಡಬೇಕಾದದ್ದು, ಈಗ ಯಾರ ಸರದಿಯೋ ಆ ವ್ಯಕ್ತಿಗೆ ಅದು ಗೊತ್ತಿದೆಯೇ ಎಂಬುದನ್ನು. "ಎಲ್ಲರೂ ನೋಡಿ ತಿಳಿಸಿ" ಎಂದು ಗುಂಪಿಗೆ ಬರೆದರೆ ಪ್ರತಿಯೊಬ್ಬರೂ ಉಳಿದವರು ನೋಡುತ್ತಾರೆಂದು ಸುಮ್ಮನಿರುತ್ತಾರೆ. ಅವರವರ ಹೆಸರು ಹಿಡಿದು, ಏನನ್ನು ನೋಡಬೇಕು, ಯಾವಾಗಿನೊಳಗೆ ಎಂದು ಬರೆದಾಗ ಬರುವ ಉತ್ತರವೇ ಬೇರೆ. ಎರಡನೆಯದಾಗಿ ಪ್ರವೇಶಾನುಮತಿಯನ್ನು ಪರೀಕ್ಷಿಸಬೇಕು. ಸಂಯೋಜಕರ ಖಾತೆಯಲ್ಲಿ ಲಿಂಕ್ ಯಾವಾಗಲೂ ತೆರೆಯುವುದರಿಂದ ಅದು ಪರೀಕ್ಷೆಯಾಗುವುದಿಲ್ಲ. ಖಾತೆಯಿಂದ ಹೊರಬಂದು ಅಥವಾ ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆದು ನೋಡಬೇಕು. ಹಿರಿಯ ಸದಸ್ಯರೊಬ್ಬರು ವಾರವಿಡೀ ಉತ್ತರಿಸಲಿಲ್ಲವೆಂದು ನಾವು ಬೇಸರಪಟ್ಟಿದ್ದೆವು. ಅವರು ಮೊದಲ ದಿನವೇ 'ಅನುಮತಿ ಕೋರಿ' ಎಂಬ ಗುಂಡಿಯನ್ನು ಒತ್ತಿ ಕಾಯುತ್ತಿದ್ದರೆಂದೂ, ಆ ಕೋರಿಕೆ ವಿನ್ಯಾಸಕರ ಹಳೆಯ ಇಮೇಲ್‌ಗೆ ಹೋಗಿತ್ತೆಂದೂ ಆಮೇಲೆ ತಿಳಿಯಿತು.

ಕಚೇರಿಗಳಲ್ಲಿ, ಕೆಲಸದ ಹಂತಗಳನ್ನು ತಾನಾಗಿಯೇ ನಡೆಸುವ ತಂತ್ರಾಂಶವಾದ ಮೈಕ್ರೋಸಾಫ್ಟ್ ಪವರ್ ಆಟೊಮೇಟ್‌ನಿಂದ ಒಪ್ಪಿಗೆಯ ಸರಣಿ ಕಟ್ಟಿಕೊಂಡಿದ್ದರೆ ಇನ್ನೊಂದು ಕಾರಣವನ್ನು ನೆನಪಿಡಬೇಕು: ಅಲ್ಲಿ ಆರಂಭವಾದ ಒಂದು ಸರಣಿ 30 ದಿನಗಳಿಗಿಂತ ಹೆಚ್ಚು ಕಾಯುವುದಿಲ್ಲ. ಲೇಖಕರೋ ಕಲಾವಿದರೋ ತಿಂಗಳು ದಾಟಿ ಒಪ್ಪಿಗೆ ಕೊಟ್ಟರೆ ಮುಂದಿನ ಹೆಜ್ಜೆ ನಡೆಯದೆ ಉಳಿಯುತ್ತದೆ. ದೀರ್ಘಕಾಲದ ಕೆಲಸವನ್ನು ತಿಂಗಳೊಳಗೆ ಮುಗಿಯುವ ಹಂತಗಳಾಗಿ ಒಡೆಯಬೇಕು.

ಹೊರದೇಶದ ಕನ್ನಡ ಕೂಟಗಳ ಸಂಚಿಕೆಗಳಲ್ಲಿ ವಿನ್ಯಾಸ ಬೆಂಗಳೂರಿನಲ್ಲಿ, ಸಂಪಾದಕ ಸಮಿತಿ ಕ್ಯಾಲಿಫೋರ್ನಿಯಾದಲ್ಲಿ ಇರುವುದುಂಟು. ಎರಡರ ನಡುವೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. "ಶುಕ್ರವಾರ ರಾತ್ರಿಯೊಳಗೆ" ಎಂಬ ಗಡುವಿಗೆ ಅಲ್ಲಿ ಎರಡು ಅರ್ಥಗಳಿವೆ. ಯಾವ ಊರಿನ ಶುಕ್ರವಾರ ಎಂದು ಬರೆಯಲೇಬೇಕು.

ಎಣಿಸುವ ನಿಯಮ

ತಂತ್ರಾಂಶ "ಒಪ್ಪಿಗೆಯಾಯಿತು" ಎಂದು ತೋರಿಸುತ್ತಿದ್ದು ಇಬ್ಬರು ಸದಸ್ಯರು ಕಡತವನ್ನೇ ತೆರೆದಿಲ್ಲದಿದ್ದರೆ ಸರಣಿಯ ಬಗೆಯನ್ನು ನೋಡಬೇಕು. ಪವರ್ ಆಟೊಮೇಟ್‌ನಲ್ಲಿ 'ಎಲ್ಲರೂ ಒಪ್ಪಬೇಕು' ಎಂಬುದೊಂದು ಬಗೆ, 'ಮೊದಲು ಉತ್ತರಿಸಿದವರದೇ ತೀರ್ಮಾನ' ಎಂಬುದು ಇನ್ನೊಂದು ಬಗೆ. ಎರಡನೆಯದನ್ನು ಆಯ್ದಿದ್ದರೆ ಐವರಿಗೆ ಕಳಿಸಿದರೂ ಒಬ್ಬರ ಉತ್ತರದಿಂದಲೇ ಕೆಲಸ ಮುಗಿಯುತ್ತದೆ. ಸಂಸ್ಥೆಗಳ ಗೂಗಲ್ ವರ್ಕ್‌ಸ್ಪೇಸ್ ಖಾತೆಗಳಲ್ಲಿ ದೊರೆಯುವ ಡ್ರೈವ್ ಒಪ್ಪಿಗೆಯ ಸೌಲಭ್ಯದಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಒಪ್ಪಿಗೆ. ಒಬ್ಬರು ನಿರಾಕರಿಸಿದರೂ ಇಡೀ ಕೋರಿಕೆ ನಿರಾಕೃತವಾಗುತ್ತದೆ. ಆದ್ದರಿಂದ ಸಣ್ಣ ತಿದ್ದುಪಡಿ ಹೇಳಬೇಕೆಂದಿರುವವರು ನಿರಾಕರಣೆಯ ಗುಂಡಿ ಒತ್ತದೆ ಟಿಪ್ಪಣಿ ಬರೆಯಬೇಕೆಂದು ಮೊದಲೇ ತಿಳಿಸಿರಬೇಕು.

ವಾಟ್ಸಾಪ್ ಗುಂಪಿನಲ್ಲಿ ಎಣಿಕೆ ಇನ್ನೂ ಸಡಿಲ. ಹೆಬ್ಬೆರಳಿನ ಚಿಹ್ನೆ ಕೆಲವರಿಗೆ "ಒಪ್ಪಿದೆ", ಇನ್ನು ಕೆಲವರಿಗೆ "ನೋಡಿದೆ", ಮತ್ತೆ ಕೆಲವರಿಗೆ "ಕೆಲಸ ಸಾಗುತ್ತಿದೆಯಲ್ಲ, ಸಂತೋಷ". ನೀಲಿ ಗುರುತು ಸಂದೇಶವನ್ನು ಓದಿದ್ದಕ್ಕೆ ಸಾಕ್ಷಿಯೇ ಹೊರತು ಕಡತ ತೆರೆದದ್ದಕ್ಕೂ ಸಾಕ್ಷಿಯಲ್ಲ. ಬೇರೆ ಸಾಧನವಿಲ್ಲದೆ ವಾಟ್ಸಾಪ್‌ನಲ್ಲೇ ಮಾಡಬೇಕಾದಾಗ, ಕಡತ ಇರುವ ಸಂದೇಶಕ್ಕೇ ಪ್ರತ್ಯುತ್ತರವಾಗಿ "ಕರಡು 4 ನೋಡಿದ್ದೇನೆ, ಒಪ್ಪಿದ್ದೇನೆ" ಎಂಬ ಪೂರ್ಣ ವಾಕ್ಯವನ್ನು ಬರೆಯುವಂತೆ ಕೇಳಿಕೊಳ್ಳುತ್ತೇನೆ. ಮೌನಕ್ಕೆ ಏನು ಅರ್ಥ ಎಂಬುದನ್ನೂ ಕೆಲಸ ಆರಂಭಿಸುವಾಗಲೇ ಗೊತ್ತುಮಾಡಬೇಕು. ಗಡುವು ದಾಟಿದರೆ ಅವರ ಬದಲಿಗೆ ಯಾರು ನೋಡುತ್ತಾರೆಂದು ಮೊದಲೇ ಹೆಸರಿಸಿಕೊಂಡ ಸಮಿತಿಗಳಲ್ಲಿ ಕೆಲಸ ನಿಂತದ್ದನ್ನು ನಾನು ಕಂಡಿಲ್ಲ.

ಇಲ್ಲಿ ವಿಶೇಷ ಎಚ್ಚರ ಬೇಕಾದದ್ದು "ಇದೊಂದು ಸರಿಮಾಡಿದರೆ ನನ್ನ ಒಪ್ಪಿಗೆ ಇದೆ" ಎಂಬ ಉತ್ತರಕ್ಕೆ. ಅನೇಕ ತಂತ್ರಾಂಶಗಳಲ್ಲಿ 'ತಿದ್ದುಪಡಿಯೊಡನೆ ಒಪ್ಪಿಗೆ' ಎಂಬ ಆಯ್ಕೆಯೇ ಇರುತ್ತದೆ. ಸರಿಮಾಡಿದ್ದನ್ನು ಯಾರು ನೋಡುತ್ತಾರೆ ಎಂಬುದು ಗೊತ್ತಾಗದೆ ಉಳಿದರೆ ಆ ಒಪ್ಪಿಗೆ ಇನ್ನೂ ಹುಟ್ಟಿರದ ಕಡತವೊಂದಕ್ಕೆ ಹಾಕಿದ ಸಹಿಯಾಗುತ್ತದೆ. ನಾನು ಇದನ್ನು ನಿರಾಕರಣೆ ಎಂದೇ ಎಣಿಸಿ, ಹೊಸ ಕರಡಿನ ಮೇಲೆ ಅವರ ಒಪ್ಪಿಗೆಯನ್ನು ಮತ್ತೆ ಪಡೆಯುತ್ತೇನೆ.

ಒಬ್ಬರು ದೊಡ್ಡದು ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಚಿಕ್ಕದು ಮಾಡಿ ಎನ್ನುತ್ತಾರೆ

ಕರಡಿನ ಸಂಖ್ಯೆ ಏಳು, ಎಂಟು ದಾಟಿದರೂ ವಿನ್ಯಾಸ ಒಂದು ನೆಲೆಗೆ ಬರದಿದ್ದರೆ, ವಿನ್ಯಾಸಕರ ಫೋನಿಗೆ ಎಷ್ಟು ಜನರಿಂದ ನೇರವಾಗಿ ಸೂಚನೆ ಹೋಗುತ್ತಿದೆ ಎಂದು ಅವರನ್ನೇ ಕೇಳಬೇಕು. ಒಬ್ಬರಿಗಿಂತ ಹೆಚ್ಚು ಎಂಬ ಉತ್ತರ ಬಂದರೆ ಕಾರಣ ಸಿಕ್ಕಿದಂತೆಯೇ. ಬೆಳಿಗ್ಗೆ ಅಧ್ಯಕ್ಷರು ಶೀರ್ಷಿಕೆಯನ್ನು ಹಿಗ್ಗಿಸಲು ಹೇಳಿ, ಸಂಜೆ ಸಂಪಾದಕರು ಕುಗ್ಗಿಸಲು ಹೇಳಿದರೆ, ನಡುವೆ ಸಿಕ್ಕಿದ ಕಲಾವಿದರು ಎರಡನ್ನೂ ಅರ್ಧರ್ಧ ಮಾಡಿ ಕೊಡುತ್ತಾರೆ. ಆ ಅರ್ಧರ್ಧದಲ್ಲಿ ಅವರ ಮೂಲ ಕಲ್ಪನೆ ಕರಗಿಹೋಗುತ್ತದೆ. ಇದು ನನಗೆ ನೋವು ಕೊಡುವ ಸಂಗತಿ, ಏಕೆಂದರೆ ಒಳ್ಳೆಯ ಮುಖಪುಟಗಳು ಹೀಗೆ ಸಪ್ಪೆಯಾದದ್ದನ್ನು ಹಲವು ಸಲ ಕಣ್ಣಾರೆ ನೋಡಿದ್ದೇನೆ.

ಇದಕ್ಕೆ ಪರಿಹಾರ ಎರಡು ಕಡೆಯಿಂದ ಬರಬೇಕು. ಟಿಪ್ಪಣಿಗಳೆಲ್ಲ ಸಂಯೋಜಕರಲ್ಲಿ ಸೇರಿ, ಒಂದಕ್ಕೊಂದು ವಿರುದ್ಧವಾದವು ಅಲ್ಲಿಯೇ ಬಗೆಹರಿದು, ಒಂದೇ ಪಟ್ಟಿಯಾಗಿ ವಿನ್ಯಾಸಕರಿಗೆ ಹೋಗಬೇಕು. ಜೊತೆಗೆ ಯಾರು ಏನನ್ನು ನೋಡಬೇಕೆಂಬುದು ಹಂಚಿಕೆಯಾಗಿರಬೇಕು: ಕಾಗುಣಿತ ಮತ್ತು ಒತ್ತಕ್ಷರಗಳನ್ನು ಕರಡು ತಿದ್ದುವವರು, ಹೆಸರು ಮತ್ತು ಬಿರುದುಗಳನ್ನು ಅವರನ್ನು ಬಲ್ಲವರು, ಚಿತ್ರ ಮತ್ತು ಫೋಟೋಗಳ ಹಕ್ಕಿನ ಅನುಮತಿಯನ್ನು ಪ್ರಕಾಶಕರು, ಅಳತೆ ಮತ್ತು ಶಾಯಿಯನ್ನು ಮುದ್ರಕರು. ಫೋಟೋ ಹಕ್ಕಿನ ವಿಷಯವನ್ನು ಯಾರಿಗೂ ವಹಿಸದೆ ಬಿಡುವುದು ಸಾಮಾನ್ಯ ಲೋಪ; ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಬಳಿಕ ಫೋಟೋವೊಂದರ ಹಕ್ಕು ಸಾಮಾನ್ಯವಾಗಿ ಅದನ್ನು ತೆಗೆದವರು ಬದುಕಿರುವವರೆಗೂ ಅವರು ತೀರಿಕೊಂಡ ಮೇಲೆ 60 ವರ್ಷವೂ ಇರುತ್ತದೆ, ಅಂತರ್ಜಾಲದಲ್ಲಿ ಸಿಕ್ಕಿತೆಂಬುದು ಅನುಮತಿಯಾಗುವುದಿಲ್ಲ. ಕಾಗುಣಿತ ಸರಿಯೋ ತಪ್ಪೋ ಎಂಬುದನ್ನು ಬಹುಮತದಿಂದ ತೀರ್ಮಾನಿಸುವಂತಿಲ್ಲ, ನಿಘಂಟನ್ನು ನೋಡಿಯೇ ಹೇಳಬೇಕು. ಬಣ್ಣ, ಚಿತ್ರ, ಅಕ್ಷರದ ಗಾತ್ರ ಮುಂತಾದ ರುಚಿಯ ವಿಷಯಗಳಲ್ಲಿ ಸಮಿತಿ ಅಭಿಪ್ರಾಯ ಹೇಳಲಿ, ಕೊನೆಯ ಮಾತು ಮಾತ್ರ ಒಬ್ಬರದೇ ಆಗಿರಲಿ. ಆ ಒಬ್ಬರು ಯಾರೆಂದು ಮೊದಲ ಸಭೆಯಲ್ಲಿಯೇ ಬರೆದಿಟ್ಟುಕೊಳ್ಳಬೇಕು.

ಮೊದಲೇ ಕೊಟ್ಟ ಒಪ್ಪಿಗೆ

ಎಲ್ಲರೂ ಸರಿಯಾದ ಕಡತವನ್ನೇ ಸರಿಯಾಗಿ ನೋಡಿ ಒಪ್ಪಿದ್ದರೂ ಪುಸ್ತಕದ ಬೆನ್ನಿನ ಮೇಲಿನ ಹೆಸರು ಮುಖಪುಟದ ಕಡೆಗೆ ಹೊರಳಿ ಅಚ್ಚಾಗುವುದುಂಟು. ಬೆನ್ನಿನ ಅಗಲ ಒಳಪುಟಗಳ ಸಂಖ್ಯೆಯನ್ನು ಅವಲಂಬಿಸಿದೆ. ಹಾಳೆಯ ದಪ್ಪ 0.1 ಮಿ.ಮೀ. ಎಂದಿಟ್ಟುಕೊಂಡರೆ 160 ಪುಟ, ಅಂದರೆ 80 ಹಾಳೆಯ ಪುಸ್ತಕಕ್ಕೆ 8 ಮಿ.ಮೀ. ಬೆನ್ನು. ಕೊನೆಗಳಿಗೆಯಲ್ಲಿ 16 ಪುಟಗಳ ಎರಡು ಫಾರಂ ಸೇರಿ 192 ಪುಟವಾದರೆ ಅದು 9.6 ಮಿ.ಮೀ. ಆಗುತ್ತದೆ. ಮುಖಪುಟಕ್ಕೆ ಒಪ್ಪಿಗೆ ಬಂದ ದಿನ ಮತ್ತು ಪುಟಸಂಖ್ಯೆ ಗಟ್ಟಿಯಾದ ದಿನ, ಇವೆರಡನ್ನೂ ದಿನಚರಿಯ ಹಾಳೆಯಲ್ಲಿ ನೋಡಿದರೆ ಈ ದೋಷ ಕೂಡಲೇ ತಿಳಿಯುತ್ತದೆ. ಒಳಪುಟಗಳ ಒಪ್ಪಿಗೆ ಮುಗಿಯದೆ ಪೂರ್ಣ ಹೊದಿಕೆಯ ಒಪ್ಪಿಗೆಗೆ ಕಳಿಸಲು ಆಗದಂತೆ ಹಂತಗಳನ್ನು ಕಟ್ಟಬೇಕು. ಮುಖಪುಟದ ಚಿತ್ರವನ್ನು ಮಾತ್ರ ಬೇಕಾದರೆ ಬೇರೆಯಾಗಿ ಮುಂಚೆಯೇ ತೋರಿಸಬಹುದು.

ಸರಿಪಡಿಸಿದ ಮೇಲೆ ಪರೀಕ್ಷೆ

ಬದಲಾಯಿಸಿದ ಕ್ರಮವನ್ನು ನಿಜವಾದ ಕೆಲಸದ ಮೇಲೆ ಪ್ರಯೋಗಿಸುವ ಮೊದಲು ಒಂದು ಸುಳ್ಳು ಮುಖಪುಟವನ್ನು ಮಾಡಿ ಓಡಿಸಿ ನೋಡಬೇಕು. ಕರಡು 1ಕ್ಕೆ ಇಬ್ಬರಿಂದ ಒಪ್ಪಿಗೆ ಪಡೆದು ಕರಡು 2 ಕಳಿಸಿದಾಗ ಹಳೆಯ ಎರಡು ಒಪ್ಪಿಗೆಗಳು ಲೆಕ್ಕದಿಂದ ಹೋಗುತ್ತವೆಯೇ ಎಂದು ನೋಡಬೇಕು. ಒಬ್ಬರು ಬೇಕೆಂದೇ ಉತ್ತರಿಸದೆ ಇದ್ದು, ಗಡುವು ದಾಟಿದಾಗ ಬದಲಿ ಸದಸ್ಯರಿಗೆ ಸುದ್ದಿ ಹೋಗುತ್ತದೆಯೇ ಎಂದು ನೋಡಬೇಕು. ಶೀರ್ಷಿಕೆಯಲ್ಲಿ ಒಂದು ಒತ್ತನ್ನು ಬಿಡಿಸಿಟ್ಟು, ಅದನ್ನು ಹಿಡಿಯಬೇಕಾದವರು ಹಿಡಿಯುತ್ತಾರೆಯೇ ಎಂದೂ ನೋಡಬೇಕು; ಹೀಗೆ ಪರೀಕ್ಷೆ ನಡೆಯುತ್ತಿದೆ ಎಂದು ಎಲ್ಲರಿಗೂ ಮೊದಲೇ ಹೇಳಿದ್ದರೆ ಯಾರಿಗೂ ಬೇಸರವಾಗುವುದಿಲ್ಲ. ಕೊನೆಗೆ ಮುದ್ರಕರಿಗೆ ಫೋನ್ ಮಾಡಿ, ಅವರ ಕೈಯಲ್ಲಿರುವ ಕಡತದಲ್ಲಿ ಬ್ಲೀಡ್‌ನ ಆಚೆ ಇರುವ ಕರಡು ಸಂಖ್ಯೆಯನ್ನು ಓದಿ ಹೇಳುವಂತೆ ಕೇಳಬೇಕು. ಅವರು ಓದಿದ ಸಂಖ್ಯೆ ಒಪ್ಪಿಗೆಯ ದಾಖಲೆಯಲ್ಲಿರುವ ಸಂಖ್ಯೆಗೆ ತಾಳೆಯಾದ ಮೇಲೆಯೇ ಅಚ್ಚಿನ ಪ್ಲೇಟ್ ಮಾಡಲು ಹೇಳಬೇಕು.